ಫರ್ಸಿಯ ಮೇಲಿನ ಒದ್ದೆ ಹೆಜ್ಜೆ

ಹೈದರಾಬಾದ್
ದಸರಾ ಸೂಟಿಯ ಬುಧವಾರ, ಸಂಜೆ

ತಮ್ಮಾ ಗುರುಶಾಂತ,

ಇಲಿ ಕಾಯುವ ನಿನ್ನ ಅಕ್ಕನ ಶರಣು.

ಪೋಸ್ಟಿನವನು ಈ ಲಕೋಟೆ ಕೊಟ್ಟ ಕೂಡಲೇ ನೀನು ನಗುತ್ತೀ, ನನಗೆ ಗೊತ್ತು. ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವ ಕಾಲದಲ್ಲಿ ಈಕೆಗೆ ಇದೆಂಥ ಪತ್ರ ಬರೆಯುವ ಶೋಕಿ ಎಂದು ಮಹಾನಂದಾಳಿಗೆ ತೋರಿಸಲು ಹೊರಡುತ್ತೀ. ತಡೆ. ಮೊದಲು ನೀನೊಬ್ಬನೇ ಓದು. ಆಮೇಲೆ ನಿನ್ನ ಹೆಂಡತಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನಿನಗೆ ಬಿಟ್ಟದ್ದು. ಫೋನಿನಲ್ಲೇ ಹೇಳೋಣವೆಂದರೆ ನೀನು ಬಿಡುವುದಿಲ್ಲ. ಹೋದ ವಾರ "ಗುರು, ನಿನ್ನ ಕೈ ಯಾಕೋ" ಅನ್ನುವಷ್ಟರಲ್ಲೇ "ಅಕ್ಕಾ, ರೇಂಜ್ ಇಲ್ಲ, ಆಮ್ಯಾಲ ಮಾಡ್ತೇನಿ" ಎಂದು ಕಟ್ ಮಾಡಿದವನು ನೀನು. ಇಜೇರಿಯ ನಮ್ಮ ಅಂಗಳದಲ್ಲಿ ರೇಂಜ್ ಇಲ್ಲದ್ದು ಯಾವಾಗಿನಿಂದಪ್ಪಾ? ಅದಕ್ಕೇ ಕಾಗದ ಹಿಡಿದೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಒಗೆಯಬಹುದು, ಆದರೆ ನೀನು ಪೂರ್ತಿ ಓದದೆ ಹರಿಯುವವನಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ಸೂಟಿ ಮುಗಿದು ಶಾಲೆ ತೆರೆದ ದಿನ ನೀನು ಕ್ರೂಸರ್ ಗಾಡಿಯ ಸ್ಟೇರಿಂಗ್ ಹಿಡಿಯಬೇಡ. ಇಜೇರಿಯಿಂದ ಜೇವರ್ಗಿಯ ಶಾಲೆಗೆ ದಿನಾ ನೀನು ತುಂಬಿಕೊಂಡು ಹೋಗುವ ಆ ಮಕ್ಕಳನ್ನು, ಅದರಲ್ಲಿ ನಿನ್ನ ಮಗಳು ನಮ್ಮ ಶಾಂಭವಿಯೂ ಇದ್ದಾಳೆ, ಬೇರೆ ಯಾರಾದರೂ ಒಯ್ಯಲಿ. ನನಗೆ ಹೆದರಿಕೆಯಾಗಿದೆ, ಗುರು. ಅಪ್ಪನಿಗೆ ಬಂದದ್ದು ನಿನಗೂ ಬಂದಿದೆ ಎಂದು ಹೆದರಿಕೆ. ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ಕೋಪ ಬಂತೇ? ಬರಲಿ. ಮಾತು ಮುರಿದವಳು ನಾನೇ. ಕಲಬುರಗಿಯಲ್ಲಿ ಆ ನರರೋಗದ ಡಾಕ್ಟರ ಮುಂದೆ ನಾವು ಮೂವರೂ ಕೂತದ್ದು ನಿನಗೆ ನೆನಪಿರಬೇಕು. ಅಪ್ಪನ ಕೈಗೆ ಪೆನ್ನು ಕೊಟ್ಟು, ಒಳಗಿನಿಂದ ಹೊರಗೆ ಒಂದು ಸುರುಳಿ ಬರೆಯಲು ಹೇಳಿದ್ದರು. ಗೆರೆ ಎಲ್ಲೆಲ್ಲೋ ಹೋಯಿತು. "ಅಪ್ಪಾ, ನಿನ್ನ ಜಿಲೇಬಿ ಎಣ್ಣ್ಯಾಗ ಒಡದು ಹೋಗ್ಯಾದ ನೋಡು" ಎಂದು ನೀನು ಅಂದೆ, ಅಪ್ಪ ಹೊಟ್ಟೆ ಹಿಡಿದು ನಕ್ಕ. ರಕ್ತದ ರಿಪೋರ್ಟ್ ಬಂದ ದಿನ ಮಾತ್ರ ಯಾರೂ ನಗಲಿಲ್ಲ. ಇದು ಅಟಾಕ್ಸಿಯಾ, ಮೈಯ ತೋಲ ತಪ್ಪುವ ಬೇನೆ, ವಂಶದಲ್ಲಿ ಇಳಿದು ಬರುತ್ತದೆ, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ, ನೀವೂ ಪರೀಕ್ಷೆ ಮಾಡಿಸುತ್ತೀರಾ ಎಂದು ಡಾಕ್ಟರು ಕೇಳಿದರು. ನಾನು ನಿನ್ನ ಮುಖ ನೋಡಿದೆ, ನೀನು ಫ್ಯಾನು ನೋಡಿದೆ. ಹೊರಗೆ ಬಂದು ಚಹಾ ಕುಡಿಯುವಾಗ ನೀನು ಹೇಳಿದ್ದು ಇಷ್ಟು: "ಅಕ್ಕಾ, ನಾ ಕೇಳಂಗಿಲ್ಲ, ನೀ ಹೇಳಬ್ಯಾಡ. ಬಂದ್ರ ಬರ್ಲಿ, ಬಂದಾಗ ನೋಡೂಣು." ನಾನು ಹೂಂ ಅಂದೆ. ಖರೆ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಬ್ಬರೂ ಕುಡಿದೆವು.

ನಮ್ಮ ಮನೆಯಲ್ಲಿ ಈ ಬೇನೆಗೆ ಬೇನೆ ಎಂಬ ಹೆಸರೇ ಇರಲಿಲ್ಲವಲ್ಲ, ಅದೇ ದೊಡ್ಡ ಹಾನಿ. ಅಪ್ಪನ ಅಪ್ಪ ದೌಲತರಾಯ ಮುತ್ಯಾನನ್ನು ನೀನು ನೋಡಿದ್ದೇ ಕಡಿಮೆ, ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಜಳಕ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತನೆಂದರೆ ಲಿಂಗ ಅಲುಗಾಡುತ್ತಿತ್ತು. ಸಣ್ಣಗೆ, ಬಿಟ್ಟೂಬಿಡದೆ. ಲಿಂಗದಲ್ಲಿ ಜೀವ ಬಂದಿದೆ, ಮುತ್ಯಾನ ಭಕ್ತಿಗೆ ಶಿವ ಒಲಿದು ಅಂಗೈಯಲ್ಲಿ ಕುಣಿಯುತ್ತಿದ್ದಾನೆ ಎಂದು ಊರು ನಂಬಿತು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ನೋಡಿ ಕೈ ಮುಗಿದು ಹೋಗುತ್ತಿದ್ದರು. ಬರಬರುತ್ತ ಮುತ್ಯಾ ಕಾಲು ಅಗಲ ಮಾಡಿ ತೂರಾಡತೊಡಗಿದ. ಬೇರೆಯವನಾಗಿದ್ದರೆ ಕುಡಿದಿದ್ದಾನೆ ಅನ್ನುತ್ತಿದ್ದರು. ಮುತ್ಯಾನಿಗೆ ಮಾತ್ರ "ಶರಣರಿಗಿ ಮೈಮ್ಯಾಲ ಖಬರ್ ಇಲ್ರಿ" ಅಂದರು. ಕಡೆಗೆ ಹೊಲದ ಬಾವಿಯ ದಂಡೆಯಲ್ಲಿ ತೋಲ ತಪ್ಪಿ ಬಿದ್ದು ಸತ್ತ. ಅದಕ್ಕೂ ಲಿಂಗೈಕ್ಯದ ಸಮಯ ಬಂದಿತ್ತು ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ನಮ್ಮವರಿಗೆ ಅಂಗೈಯ ನಡುಕ ಕಣ್ಣೆದುರೇ ಇದ್ದೂ ಕಾಣಲಿಲ್ಲ.

ಅಪ್ಪನದು ಶುರುವಾದದ್ದು ಸೊನ್ನದಲ್ಲಿ ಎಂದು ನನ್ನ ಲೆಕ್ಕ. ಭೀಮೆ ತುಂಬಿ ಬಂದಿದ್ದಾಳೆಂದು ಬ್ಯಾರೇಜು ನೋಡಲು ಹೋಗಿದ್ದೆವು, ಗೇಟು ತೆಗೆದಿದ್ದರು. ಕಟ್ಟೆಗೆ ಒರಗಿ ಕೆಳಗಿನ ನೀರು ನೋಡುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಕುಕ್ಕರಿಸಿಬಿಟ್ಟ. ಎರಡೂ ಕೈಯಿಂದ ನೆಲ ಹಿಡಿದುಕೊಂಡ, ನೆಲವೇ ಓಡಿಹೋಗುತ್ತದೆ ಅನ್ನುವಂತೆ. "ನೀರ ನೋಡಿ ತಲಿ ತಿರುಗ್ತು, ಮತ್ತೇನಿಲ್ಲ" ಅಂದ. ನಾವು ಛೇಡಿಸಿದೆವು. ಅಫಜಲಪುರದ ಹೋಟೆಲಿನಲ್ಲಿ ಸುಸಲಾ ಭಜಿ ತಿನ್ನುವಾಗಲೂ "ಅಪ್ಪಗ ನೀರಿನ ನಶೆ ಏರ್ಯಾದ" ಎಂದು ನೀನು ನಕ್ಕೇ ನಕ್ಕೆ. ಭಜಿ ಹಿಡಿದ ಅಪ್ಪನ ಕೈ ಬಾಯಿಗೆ ಹೋಗದೆ ಗದ್ದಕ್ಕೆ ತಾಗಿದ್ದನ್ನು ಆಗ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕಡೆಯ ವರ್ಷಗಳಲ್ಲಿ ಅಪ್ಪ ಪೂಜೆಗೆ ಕೂತಾಗ ಅವ್ವ ಬಗಲಲ್ಲಿ ಕೂತು ಅವನ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಡುತ್ತಿದ್ದಳು. ಲಿಂಗ ಜಾರಿ ಬಿದ್ದರೆ ಎಂಬ ಭಯ ಇಬ್ಬರಿಗೂ. ಆಳಂದದಿಂದ ಗುರುಬಾಯಿ ಅತ್ತಿ ಬಂದಾಗಲೆಲ್ಲ ತನ್ನಪ್ಪನ ಭಕ್ತಿ ಅಣ್ಣನ ಕೈಗೆ ಇಳಿದಿದೆ ಎಂದು ಹಿಗ್ಗುತ್ತಿದ್ದಳು. ಅಪ್ಪ ಅವಳೆದುರು ಏನೂ ಅನ್ನುತ್ತಿರಲಿಲ್ಲ. ಒಂದು ದಿನ ನೀನು ಗಾಡಿಯ ಮೇಲೆ ಹೋಗಿದ್ದೆ, ನಾನು ಅವನಿಗೆ ಜೋಳದ ಗಂಜಿ ಕುಡಿಸುತ್ತಿದ್ದೆ. ಆಗ ಹೇಳಿದ: "ಸುನೀ, ಇದು ಭಕ್ತಿ ಅಲ್ಲವ್ವಾ. ಭಕ್ತಿ ಇದ್ದಾಗ ನನ ಕೈ ಗಟ್ಟಿ ಇತ್ತು." ಆ ಮಾತು ನಿನಗೆ ಮುಟ್ಟಬೇಕು, ಅದಕ್ಕೇ ಬರೆದೆ.

ಈಗ ನನ್ನ ಲ್ಯಾಬಿನ ಇಲಿಗಳ ಮಾತು. ಇಷ್ಟು ವರ್ಷ ನೀನು ಒಮ್ಮೆಯೂ ನೆಟ್ಟಗೆ ಕೇಳಿಲ್ಲ, "ನಮ್ಮಕ್ಕ ಗಣಪ್ಪನ ಗಾಡಿ ಸರ್ವೀಸಿಂಗ್ ಮಾಡ್ತಾಳ" ಎಂದು ಊರನ್ನೆಲ್ಲ ನಗಿಸಿದ್ದೇ ಬಂತು. ಇವತ್ತು ಕೇಳು. ತಲೆಯ ಹಿಂದುಗಡೆ, ಕುತ್ತಿಗೆಗೆ ಹತ್ತಿರ, ಕಿರುಮೆದುಳು ಅಂತ ಒಂದಿದೆ. ಎತ್ತು ಎಳೆಯುತ್ತದೆ, ಹಗ್ಗ ಹಿಡಿದವನು ಬೇರೆ ಇರುತ್ತಾನಲ್ಲ, ಹಾಗೆ ಕೈಕಾಲು ಎಷ್ಟು ಚಾಚಬೇಕು, ಎಲ್ಲಿ ನಿಲ್ಲಬೇಕು ಎಂದು ಹಗ್ಗ ಹಿಡಿಯುವುದು ಅದರ ಕೆಲಸ. ಇಲಿಮರಿ ಹುಟ್ಟಿದಾಗ ಅದರ ಕಿರುಮೆದುಳು ಇನ್ನೂ ಅರೆಬರೆ. ಮರಿ ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಒಳಗಿನ ಜೀವಕೋಶಗಳು ಸರಿದು ಸರಿದು ತಮ್ಮ ಜಾಗ ಹಿಡಿಯುತ್ತವೆ, ದೊಡ್ಡವು ಸಾಲಾಗಿ ನಿಂತು ಕೊಂಬೆ ಬಿಡುತ್ತವೆ. ನಾವು ಸಾಕಿರುವ ಕೆಲವು ಇಲಿಗಳಿಗೆ ಅಪ್ಪನ ರಕ್ತದಲ್ಲಿದ್ದಂಥದ್ದೇ ದೋಷವಿದೆ. ಅವುಗಳ ಮರಿಯನ್ನು ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ, ಉಣ್ಣುತ್ತದೆ, ಜಿಗಿಯುತ್ತದೆ. ಬೇನೆ ಕಾಣುವುದು ಬೆಳೆದ ಮೇಲೆ, ಆದರೆ ಸಾಲು ಕೆಡುವುದು ಕೂಸಾಗಿದ್ದಾಗಲೇ ಇರಬಹುದೇ ಎಂದು ನಾವು ಹುಡುಕುತ್ತಿದ್ದೇವೆ. ಬೇನೆ ಕಂಡದ್ದನ್ನು ಗೊತ್ತುಮಾಡಲು ನಾವು ಮಾಡುವುದು ಬಹಳ ಸರಳ. ಮುಂಗಾಲಿಗೆ ಕೆಂಪು, ಹಿಂಗಾಲಿಗೆ ನೀಲಿ ಬಣ್ಣ ಹಚ್ಚಿ, ಬಿಳಿ ಕಾಗದ ಹಾಸಿದ ಸಣ್ಣ ಓಣಿಯಲ್ಲಿ ಇಲಿಯನ್ನು ಬಿಡುತ್ತೇವೆ. ಗಟ್ಟಿ ಇಲಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ. ಬೇನೆಯ ಇಲಿಯ ಹೆಜ್ಜೆಗಳು ಎಡಕ್ಕೊಂದು ಬಲಕ್ಕೊಂದು ದೂರ ದೂರ ಬೀಳುತ್ತವೆ. ಆ ಕಾಗದಗಳನ್ನು ನೋಡಿ ನೋಡಿ ನನ್ನ ಕಣ್ಣು ಹಾಳಾಗಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂತರೂ ಜನರ ಮುಖ ಬಿಟ್ಟು ಕಾಲು ನೋಡುತ್ತೇನೆ.

ಅಪ್ಪನ ವರ್ಷದ ಪುಣ್ಯಸ್ಮರಣೆಯ ದಿನ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಹೂ ಬಿಡಿಸುತ್ತ ಕೂತಿದ್ದೆ. ನೀನು ಬಚ್ಚಲಿನಿಂದ ಜಳಕ ಮಾಡಿ ಒದ್ದೆ ಕಾಲಲ್ಲೇ ದೇವರ ಕೋಣೆಗೆ ಹೋದೆ. ಹೋಗುವಾಗ ನನ್ನ ತಲೆಗೊಂದು ಮೊಟಕಿ "ಏನ್ ಬೇ ಸೈಂಟಿಸ್ಟ, ಹೂವಿಗೂ ಇಂಜೆಕ್ಷನ್ ಮಾಡ್ತಿಯೇನ?" ಅಂದೆ. ನಾನು ನಗುತ್ತ ತಲೆ ಎತ್ತಿದೆ. ನೆಲಕ್ಕೆ ಹಾಸಿದ ಶಹಾಬಾದಿ ಫರ್ಸಿಯ ಮೇಲೆ ನಿನ್ನ ಒದ್ದೆ ಹೆಜ್ಜೆಗಳಿದ್ದವು. ಎಡದ ಹೆಜ್ಜೆ ಒಂದು ಫರ್ಸಿಯಲ್ಲಿ, ಬಲದ್ದು ಪಕ್ಕದ ಫರ್ಸಿಯಲ್ಲಿ, ನಡುವೆ ಒಂದು ಕೂಸು ಕಾಲು ಚಾಚಿ ಮಲಗುವಷ್ಟು ಜಾಗ. ಗುರು, ಅವು ನನ್ನ ಇಲಿಗಳ ಹೆಜ್ಜೆ. ಬಿಸಿಲು ಬಿದ್ದು ಕಲ್ಲು ಒಣಗುವ ತನಕ ನಾನು ಅಲ್ಲೇ ಕೂತಿದ್ದೆ. ಯಾರಾದರೂ ಬಂದು ತುಳಿದು ಅಳಿಸಿಬಿಡಲಿ ಎಂದು ಒಂದು ಮನಸ್ಸು, ಇನ್ನೊಮ್ಮೆ ಸರಿಯಾಗಿ ನೋಡಬೇಕೆಂದು ಇನ್ನೊಂದು.

ಆಮೇಲೆ ಪೂಜೆ. ಅಪ್ಪನ ಫೋಟೋದ ಮುಂದೆ ಮನೆಯ ಹಿರಿಮಗನಾಗಿ ನೀನು ಕೂತೆ, ಬೀಗರು ಭಾವಂದಿರು ಸುತ್ತ ಕೂತರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಬಲಗೈಯಲ್ಲಿ ಬಿಲ್ವ ಹಿಡಿದೆ. ಆ ಕೈ ಲಿಂಗದ ಹತ್ತಿರ ಬಂದಷ್ಟೂ ಹೆಚ್ಚು ಅಲ್ಲಾಡಿತು, ಎಲೆ ಲಿಂಗದ ಮೇಲೆ ಬೀಳದೆ ಮುಂಗೈ ಮೇಲೆ ಬಿತ್ತು. ಮತ್ತೊಂದು ಎಲೆ ತೆಗೆದುಕೊಂಡೆ, ಅದು ತೊಡೆಯ ಮೇಲೆ ಬಿತ್ತು. ಅಷ್ಟರಲ್ಲಿ ಅಂಗೈಯ ಲಿಂಗವೂ ನಡುಗತೊಡಗಿತು. ಗುರುಬಾಯಿ ಅತ್ತಿ ಚೀರಿದಳು: "ನೋಡ್ರೇ ಯವ್ವಾ, ನಮ್ಮಪ್ಪನ ಲಿಂಗ ಮತ್ತ ಕುಣ್ಯಾಕತ್ತಾದ! ದೌಲತರಾಯ ಮೊಮ್ಮಗನ ಅಂಗೈಯಾಗ ಬಂದು ಕುಂತಾನ!" ಜನ ಎದ್ದು ನಿಂತು ಕೈ ಮುಗಿದರು. ಅತ್ತಿ ಅಳುತ್ತ ನಿನ್ನ ಪಾದಕ್ಕೆ ತಲೆ ತಾಗಿಸಲು ಬಂದಳು, ತನ್ನ ಕೈಯಾರೆ ಆಡಿಸಿದ ಹುಡುಗನ ಪಾದಕ್ಕೆ. ನೀನು ಕಣ್ಣು ಮುಚ್ಚಿಕೊಂಡು ನಕ್ಕೆ. ಆ ಗದ್ದಲದಲ್ಲಿ ಅವ್ವ ಅಡಿಗೆ ಮನೆಯಿಂದ ಬಂದಳು. ನಿನ್ನ ಬಗಲಲ್ಲಿ ಕೂತು, ಸೆರಗಿಗೆ ಕೈ ಒರೆಸಿಕೊಂಡು, ನಿನ್ನ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಟ್ಟಳು. ಅಪ್ಪನಿಗೆ ಕೊಡುತ್ತಿದ್ದ ಹಾಗೆಯೇ. ಆ ಕೈ ನೋಡಿ ನಾನು ಹಿತ್ತಲಿಗೆ ಓಡಿದೆ. ಬೇವಿನ ಗಿಡದ ಹಿಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ಕಟ್ಟೆಯ ಮೇಲೆ ನನ್ನ ಹತ್ತಿರ ಬಂದು ಕೂತೆ. ನಾನು ಬಾಯಿ ಬಿಡುವ ಮೊದಲೇ ನೀನು ಹೇಳಿದ್ದು: "ಅಕ್ಕಾ, ಒಂದ್ ವೇಳೆ ಅತ್ತಿ ಹೇಳಿದ್ದೇ ಖರೇ ಇದ್ರ? ಡಾಕ್ಟರಿಗಿ ಎಲ್ಲಾ ಗೊತ್ತಿರ್ತಾದೇನು?" ನಿನ್ನ ದನಿಯಲ್ಲಿ ತಮಾಷೆ ಇರಲಿಲ್ಲ. ನಿನಗೂ ಗೊತ್ತಾಗಿದೆ ಎಂದು ಆಗ ತಿಳಿಯಿತು ನನಗೆ. ಗೊತ್ತಾಗಿದೆ, ಹೆದರಿದ್ದೀ, ಸಿಕ್ಕಿದ್ದನ್ನು ಅವುಚಿಕೊಂಡಿದ್ದೀ. ನಾನು "ಇರಬಹುದಪ್ಪಾ" ಅಂದೆ. ಎಲೆ ಅಡಿಕೆ ಮಡಿಚಿ ಕೊಟ್ಟೆ. ನಿನ್ನ ಕೈ ಅದನ್ನು ತೆಗೆದುಕೊಳ್ಳುವಾಗ ಎರಡು ಸಲ ತಪ್ಪಿತು.

ಅಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಿನ್ನ ಬೇನೆ ನಿನ್ನದು, ತಿಳಿಯುವುದು ಬಿಡುವುದು ನಿನ್ನ ಇಷ್ಟ ಎಂದು ಸುಮ್ಮನಿರುತ್ತಿದ್ದೆ. ಮರುದಿನ ಬೆಳಿಗ್ಗೆ ಜೇವರ್ಗಿಯಲ್ಲಿ ಬಸ್ಸು ಹಿಡಿಯಲು ನಿನ್ನ ಗಾಡಿಯಲ್ಲೇ ಬಂದೆನಲ್ಲ, ಅದು ನನ್ನನ್ನು ಸುಮ್ಮನಿರಗೊಡಲಿಲ್ಲ. ಮುಂದೆ ನಾನು, ನನ್ನ ತೊಡೆಯ ಮೇಲೆ ಶಾಂಭವಿ. ಹಿಂದೆ ತುಂಬಿದ ಮಕ್ಕಳು, ಒಂದರ ಮೇಲೊಂದು ಪಾಟಿಚೀಲ, ಎಲ್ಲ ಸೇರಿ ಏಳರ ಮಗ್ಗಿ ಒದರುತ್ತಿದ್ದವು. ಗಾಡಿಯ ಎಡಬದಿಗೆ ಉದ್ದಕ್ಕೆ ಬಣ್ಣ ಕೆತ್ತಿಹೋಗಿತ್ತು. ಏನೋ ಇದು ಎಂದರೆ "ಎಮ್ಮಿ ತಿಕ್ಕಿತು" ಅಂದೆ. ಎಮ್ಮೆ ತಿಕ್ಕಿದರೆ ಸುಣ್ಣ ಹತ್ತುತ್ತದೇನೋ? ಕೆತ್ತಿದ ಜಾಗದಲ್ಲಿ ಗೋಡೆಯ ಸುಣ್ಣ ಇತ್ತು.

ಹಳ್ಳದ ಸೇತುವೆ ಬಂತು, ಆ ಕಡೆ ಈ ಕಡೆ ತಡೆಗೋಡೆ ಇಲ್ಲದ್ದು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಇಳಿಯುತ್ತಿತ್ತು. ಯಾರಾದರೂ ಬ್ರೇಕು ಒತ್ತಿ ನಿಲ್ಲುತ್ತಾರೆ. ನಿನ್ನ ಕಾಲು ಮೇಲೆದ್ದಿತು, ಬ್ರೇಕಿನ ಬಗಲಲ್ಲಿ ಇಳಿಯಿತು, ಮತ್ತೆ ಎದ್ದು ಹುಡುಕಿತು. ನಾನು ನಿನ್ನ ಕಾಲನ್ನೇ ನೋಡುತ್ತಿದ್ದೆ. ಗಾಡಿಯ ಮುಂದಿನ ಎಡಬದಿಯ ಗಾಲಿ ಸೇತುವೆಯ ಅಂಚಿಗೆ ಬಂದು ನಿಂತಿತು. ಕೆಳಗೆ ಕೆಂಪು ನೀರು ಕಂಡಿತು. ಮಕ್ಕಳು ಏಳೇಳಲ ನಲವತ್ತೊಂಬತ್ತು ಎಂದು ಒದರುತ್ತಲೇ ಇದ್ದವು, ಅವಕ್ಕೇನು ಗೊತ್ತು. ನೀನು ನನ್ನ ಕಡೆ ತಿರುಗಿ ನಕ್ಕೆ. "ಬ್ರೇಕ್ ಸೆಟ್ ಇಲ್ಲಕ್ಕಾ, ಸೂಟಿಯಾಗ ಗ್ಯಾರೇಜಿಗಿ ಹಾಕ್ತೇನಿ." ತುಟಿ ಬೆಳ್ಳಗಾಗಿತ್ತು ನಿನ್ನದು. ಆ ಬ್ರೇಕಿಗೆ ಏನೂ ಆಗಿಲ್ಲ, ಗುರು. ಈಗ ಗಾಡಿ ಜೇವರ್ಗಿಯ ಗ್ಯಾರೇಜಿನಲ್ಲಿ ನಿಂತಿದೆ ಎಂದು ಮಹಾನಂದಾ ಹೇಳಿದಳು. ಪಾಪ, ಆ ಮೇಸ್ತ್ರಿ ಏನನ್ನು ಬಿಚ್ಚಿ ಏನನ್ನು ನೋಡುತ್ತಿದ್ದಾನೋ.

ಅಲ್ಲಿಂದ ಬಂದ ಮೇಲೆ ಸೂಟಿ ಬೀಳುವ ತನಕ ದಿನಾ ಬೆಳಿಗ್ಗೆ ಶಾಲೆಯ ಹೊತ್ತಿಗೆ ಗಡಿಯಾರ ನೋಡುತ್ತ ಕೂತಿದ್ದೆ. ಈಗ ಸೇತುವೆ ಬಂತು, ಈಗ ದಾಟಿದ. ಮೊಬೈಲ್ ಮೇಜಿನ ಮೇಲೆ ಗುಂಯ್ ಅಂದರೆ ಹಿಡಿಯಲು ಭಯ. ಸಂಜೆ ಶಾಂಭವಿ ಮಾತಾಡಿದಳೆಂದರೆ ಆ ದಿನ ಕಳೆಯಿತು. ಅವಳಿಗೇನೋ ನಿನ್ನ ಗಾಡಿ ಅಂದರೆ ವಿಮಾನ. ಆ ಮಕ್ಕಳ ತಾಯಂದಿರೆಲ್ಲ "ಗುರು ಮಾಮಾನ ಗಾಡ್ಯಾಗ ಕುಂತ್ರ ಫಿಕರ್ ಇಲ್ರಿ" ಅನ್ನುತ್ತಾರೆ. ಅದು ನಿನ್ನ ದೊಡ್ಡಸ್ತಿಕೆ, ನಾನು ಬಲ್ಲೆ. ಸಣ್ಣವನಿದ್ದಾಗ ಹೊಲದ ಬದುವಿನ ಮೇಲೆ ತಲೆಯಲ್ಲಿ ಬುತ್ತಿಗಂಟು ಇಟ್ಟುಕೊಂಡು ಓಡಿದವನು, ನಾನು ಬಿದ್ದರೂ ನೀನು ಬೀಳಲಿಲ್ಲ. ಅಂಥವನಿಗೆ ನಡಿಗೆ ತಪ್ಪಿದೆ ಎಂದು ಹೇಳುವ ನಾಲಿಗೆ ನನ್ನದೇ ಆಗಬೇಕೇ? ಬಂದರೂ ನನಗೇ ಬರಬಾರದಿತ್ತೇ ಎಂದುಕೊಂಡೆ. ಅಂದುಕೊಂಡ ಮರುಗಳಿಗೆಯೇ, ಬ್ಯಾಡಪ್ಪಾ ಶಿವನೇ ಎಂದು ಗಲ್ಲ ಬಡಿದುಕೊಂಡೆ. ನಿನ್ನ ಅಕ್ಕನ ಧೈರ್ಯ ಇಷ್ಟೇ ನೋಡು.

ಹೌದು, ನನ್ನದೂ ಹೇಳುತ್ತೇನೆ. ನಿನ್ನ ಕಾಲು ಅಳೆದವಳು ನನ್ನ ಕಾಲು ಮುಚ್ಚಿಕೊಂಡರೆ ಅದು ನ್ಯಾಯವಲ್ಲ. ಹೋದ ತಿಂಗಳು ಇಲಿಯ ಕಾಲಿಗೆ ಬಣ್ಣ ಹಚ್ಚುವಾಗ ನನ್ನ ಕುಂಚ ತಪ್ಪಿ ಅದರ ಹೊಟ್ಟೆಗೆ ತಾಗಿತು. ಇಲಿ ಜಾಡಿಸಿತೋ, ನನ್ನ ಕೈ ಜಾರಿತೋ ಗೊತ್ತಿಲ್ಲ. ಅವತ್ತಿನಿಂದ ಲ್ಯಾಬಿನ ವರಾಂಡದಲ್ಲಿ ಯಾರೂ ಇಲ್ಲದಾಗ ಟೈಲ್ಸಿನ ಗೆರೆ ಹಿಡಿದು, ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನಡೆದು ನೋಡುತ್ತೇನೆ. ಹೊಸ್ತಿಲಿಗೆ ಎಡವಿದರೆ ಬೆವರು. ಚಹಾ ತುಳುಕಿದರೆ ಬೆವರು. ನನ್ನ ಜೊತೆ ಕೆಲಸ ಮಾಡುವ ಫಕ್ರುನ್ನಿಸಾ, ಅಫಜಲಪುರದವಳು, ಒಮ್ಮೆ ನೋಡಿಬಿಟ್ಟಳು. ಅವಳಿಗೆ ಅಪ್ಪನ ವಿಷಯ ಗೊತ್ತು. "ಇಲಿ ನಡಿಗಿ ಎಷ್ಟ್ ದಿನ ನೋಡ್ತಿ ಸುನಿತಾ, ನಿಂದೂ ಒಮ್ಮಿ ತೋರಿಸ್ಕೊ. ಹಿಂಗ್ ದಿನಾ ಸಾಯೂದಕ್ಕಿಂತ ಒಂದ್ ದಿನ ಅತ್ತು ಬಿಡೂದು ಛಲೋ" ಅಂದಳು. ಸಿಟ್ಟು ಬಂತು. ಅವಳೊಡನೆ ಬುತ್ತಿ ಹಂಚಿಕೊಳ್ಳುವುದನ್ನೇ ಬಿಟ್ಟೆ. ಹಸಿವಿಗೆ ಸೋತು ಮತ್ತೆ ಹೋಗಿ ಕೂತೆ, ಅವಳು ರೊಟ್ಟಿಗೆ ಶೇಂಗಾ ಹಿಂಡಿ ಬಡಿಸಿದಳು.

ಇನ್ನೊಂದು ಭಯವನ್ನು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಕೂತಿದ್ದೇನೆ. ಮುತ್ಯಾನಿಗೆ ಇದು ಬಂದದ್ದು ಮುಪ್ಪಿನಲ್ಲಿ. ಅಪ್ಪನಿಗೆ ಕೂದಲು ನರೆಯುವ ಮೊದಲೇ ಬಂತು. ನಿನಗಿನ್ನೂ ಮೀಸೆ ಕಪ್ಪಗಿದೆ. ಈ ಬೇನೆ ಒಂದೊಂದು ತಲೆಮಾರಿಗೆ ಒಂದೊಂದು ಹೆಜ್ಜೆ ಮುಂಚೆ ಬರುವುದುಂಟು. ಶಾಂಭವಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುವುದನ್ನು ಎಲ್ಲರೂ ನಗುತ್ತ ನೋಡಿದರು. ನಾನು ಅವಳ ಕಾಲು ನೋಡಿದೆ. ಅವಳು ಚೆನ್ನಾಗಿದ್ದಾಳೆ, ಅವಳಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ. ಆದರೂ ನಾಲ್ಕು ವರ್ಷದ ಕೂಸಿನ ಆಟವನ್ನು ಹಾಗೆ ನೋಡಿದ ನನ್ನ ಕಣ್ಣಿನ ಮೇಲೆ ನನಗೇ ಹೇಸಿಗೆಯಾಯಿತು. ಅವಳ ವಿಷಯದಲ್ಲಿ ಈಗ ಮಾಡಬೇಕಾದ್ದು ಒಂದೇ. ಅವಳನ್ನು ಆ ಸೇತುವೆಯ ಮೇಲೆ ನಿನ್ನ 'ಬ್ರೇಕ್ ಸೆಟ್ ಇಲ್ಲ'ದ ಕಾಲಿಗೆ ಒಪ್ಪಿಸದೇ ಇರುವುದು.

ಆದ್ದರಿಂದ ಹೀಗೆ ಮಾಡು ತಮ್ಮಾ. ಕ್ರೂಸರಿನ ಕೀಲಿ ಸತೀಶಕುಮಾರನಿಗೆ ಕೊಡು. ನಿನ್ನ ಜೋಡಿಯೇ ಗಾಡಿ ಕಲಿತವನು, ಲೈಸೆನ್ಸ್ ಇದೆ, ಬಾಯಿ ಹೊಲಸು, ಆದರೆ ಕಾಲು ನಿಯತ್ತಿನದು. ನೀನು ಬಗಲಲ್ಲಿ ಕೂತು ಮಕ್ಕಳನ್ನು ಹತ್ತಿಸು ಇಳಿಸು, ಮಗ್ಗಿ ಹೇಳಿಸು. ಊರವರು ಕೇಳಿದರೆ ಬೆನ್ನುನೋವು ಅನ್ನು, ನನಗೇನೂ ಬೇಜಾರಿಲ್ಲ. ಆಮೇಲೆ ಹೈದರಾಬಾದಿಗೆ ಬಾ. ನಾಂಪಲ್ಲಿ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಇಬ್ಬರೂ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂತು ರಕ್ತ ಕೊಡೋಣ. ನೀನು ಬರದಿದ್ದರೆ? ಬರದಿದ್ದರೆ ನಾನೊಬ್ಬಳೇ ಕೊಡುತ್ತೇನೆ, ಆದರೆ ನೀನು ಬಾ. ಸುಳ್ಳು ಆಸೆ ಹಚ್ಚುವುದಿಲ್ಲ ನಿನಗೆ. ಇದಕ್ಕೆ ವಾಸಿಮಾಡುವ ಔಷಧ ಇನ್ನೂ ಇಲ್ಲ. ದಿನಾ ನಡಿಗೆ, ತೋಲದ ಕಸರತ್ತು ಮಾಡಿಸುತ್ತಾರೆ, ಅದರಿಂದ ಕೈಕಾಲು ಒಂದಿಷ್ಟು ವರ್ಷ ಮಾತು ಕೇಳುತ್ತವೆ. ನಮ್ಮಲ್ಲಿ ಒಂದು ಇಲಿ ಇದೆ, ಬೇನೆಯದೇ. ಸಣ್ಣ ಕೋಲಿನ ಮೇಲೆ ಬಿಟ್ಟರೆ ಬೇರೆಯವು ಬಿದ್ದುಹೋಗುತ್ತವೆ. ಇದು ಹೊಟ್ಟೆ ಕೋಲಿಗೆ ಹಚ್ಚಿ, ಬಾಲ ಸುತ್ತಿ, ತೆವಳಿಕೊಂಡು ಆ ತುದಿ ಮುಟ್ಟುತ್ತದೆ. ಬಹಳ ಹೊತ್ತು ಹಿಡಿಯುತ್ತದೆ, ಮುಟ್ಟುತ್ತದೆ. ಅದಕ್ಕೆ ನಿನ್ನ ಹೆಸರು ಇಡಬೇಕೆಂದಿದ್ದೆ, ಅಪಶಕುನ ಎಂದು ಬಿಟ್ಟೆ.

ಗುರುಬಾಯಿ ಅತ್ತಿಗೆ ನೀನು ಏನೂ ಹೇಳಬೇಡ, ನಾನೇ ಆಳಂದಕ್ಕೆ ಹೋಗಿ ಅವಳ ತೊಡೆಯ ಮೇಲೆ ತಲೆ ಇಟ್ಟು ಹೇಳುತ್ತೇನೆ. ತನ್ನಪ್ಪ ಬಂದನೆಂದು ಅತ್ತವಳು ಅವಳು, ಅವಳ ಪ್ರೀತಿಯಲ್ಲಿ ಸುಳ್ಳಿಲ್ಲ. ಪೂಜೆಯನ್ನೂ ಬಿಡಬೇಡ. ಅಂಗೈಯಲ್ಲಿ ನಿಲ್ಲದಿದ್ದರೆ ಲಿಂಗವನ್ನು ಎದೆಗೆ ಹಚ್ಚಿಕೊಂಡು ಕೂಡು. ಅವ್ವನ ಕೈ ಮಾತ್ರ ಇನ್ನು ಸಾಕು ಮಾಡು, ಗುರು. ಗಂಡನ ಕೈ ಹಿಡಿದು ಹಿಡಿದು ಸವೆದ ಕೈ ಅದು. ಅದರ ಬದಲು ನಾನು ಹಿಡಿಯುತ್ತೇನೆ, ನನ್ನದು ಗಟ್ಟಿ ಇರುವ ತನಕ.

ಕೊನೆಗೊಂದು ಮಾತು, ಮೊಬೈಲು ಬಿಟ್ಟು ಕೈಯಲ್ಲೇ ಬರೆಯಲು ಇನ್ನೊಂದು ಕಾರಣವೂ ಇದೆ. ಸಹಿ ಹಾಕಿದ ಮೇಲೆ ಕೆಳಗೆ ಒಂದು ಸುರುಳಿ ಬರೆಯುತ್ತೇನೆ, ಡಾಕ್ಟರು ಅಪ್ಪನಿಂದ ಬರೆಸಿದಂಥದ್ದು, ಒಳಗಿನಿಂದ ಹೊರಗೆ, ಕೈ ಎತ್ತದೆ. ಬರೆದ ಕೂಡಲೇ ಕಾಗದ ಮಡಚಿ ಲಕೋಟೆಗೆ ಹಾಕುತ್ತೇನೆ, ನಾನು ನೋಡುವುದಿಲ್ಲ. ಎಷ್ಟೋ ಇಲಿಗಳ ಹೆಜ್ಜೆ ಓದಿದ ಕಣ್ಣಿಗೆ ತನ್ನ ಗೆರೆ ಓದುವ ಧೈರ್ಯವಿಲ್ಲ. ನನ್ನದನ್ನು ನೀನೇ ಮೊದಲು ನೋಡು. ಅದರ ಪಕ್ಕ ನಿನ್ನ ಸುರುಳಿ ಬರೆ. ಬರುವಾಗ ಈ ಕಾಗದ ತಾ, ಸ್ಟೇಷನ್ನಿನಲ್ಲೇ ಬಿಚ್ಚಿ ಇಬ್ಬರೂ ಕೂಡಿ ನೋಡೋಣ. ಯಾರ ಜಿಲೇಬಿ ಒಡೆದಿದ್ದರೂ ಅಪ್ಪನ ಹಾಗೆ ಒಮ್ಮೆ ಹೊಟ್ಟೆ ತುಂಬ ನಕ್ಕುಬಿಡೋಣ. ಅಳುವುದು ಆಮೇಲೆ.

ನಿನ್ನ ಹೆಜ್ಜೆ ಎಲ್ಲಿ ಬಿದ್ದರೂ ಅದರ ಕೆಳಗೆ ನೆಲ ಗಟ್ಟಿಯಾಗಿರಲಿ, ತಮ್ಮಾ. ಆ ಮಕ್ಕಳೆಲ್ಲ ದಿನಾ ಮನೆ ಮುಟ್ಟಲಿ. ಶಾಂಭವಿಯ ಎರಡೂ ಪಾದಕ್ಕೆ ನನ್ನ ಮುತ್ತು.

ಹೆದರಿದ ನಿನ್ನ ಅಕ್ಕ,
ಸುನಿತಾ

ಎಡಗಡೆಯ ಸುರುಳಿ ನನ್ನದು. ಬಲಗಡೆ ನಿನಗೆ ಜಾಗ ಬಿಟ್ಟಿದ್ದೇನೆ.